ಕಮಿಟಿ ಬಿಡು, ಬೆಂಚು ಬಿಡಬೇಡ

ಕರ್ತನಲ್ಲಿ ಪ್ರಿಯಳಾದ ಮಗಳಿಗೆ ದೊಡ್ಡಮ್ಮನ ಆಶೀರ್ವಾದ.

ನಡುರಾತ್ರಿ ಕಳೆದ ಮೇಲೆ ನೀನು ಹಾಕಿದ ವಾಟ್ಸಾಪ್ ಮೆಸೇಜನ್ನು ದೊಡ್ಡಮ್ಮ ಬೆಳಗ್ಗೆ ಕನ್ನಡಕ ಏರಿಸಿಕೊಂಡು ಓದಿದಳು. ಮೊದಲು ಬಂದದ್ದು ಮರುಕವಲ್ಲ, ಸಿಟ್ಟು. ಇನ್ನು ಸ್ವಲ್ಪ ಕಾಲ ಭಾನುವಾರದ ಆರಾಧನೆಗೆ ಹೋಗುವುದಿಲ್ಲ, ವಾರಕ್ಕೊಂದು ದಿನವಾದರೂ ನಿದ್ದೆ ಮಾಡಬೇಕು ಎಂದು ಬರೆದಿದ್ದೀಯ. ಸರಿ. ಅದರ ಕೆಳಗೇ, ಸುಗ್ಗಿ ಹಬ್ಬದ ಹರಾಜಿಗೆ ಕೇಕು ಮಾಡಿಕೊಡಲು ಒಪ್ಪಿಕೊಂಡಿದ್ದೇನೆ, ಸಂಡೇ ಸ್ಕೂಲಿನ ಕ್ರಿಸ್‌ಮಸ್ ನಾಟಕವೂ ಹೆಗಲಿಗೆ ಬಿದ್ದಿದೆ ಎಂದೂ ಬರೆದಿದ್ದೀಯ. ಅಂದರೆ ದೇವರ ಮನೆಯ ದುಡಿಮೆ ಇರಲಿ, ದೇವರ ಮುಂದೆ ಕೂರುವುದು ಮಾತ್ರ ಬೇಡ ಎಂದಾಯಿತಲ್ಲ! ಎಂಥ ತಲೆಕೆಳಗಾದ ಲೆಕ್ಕವಿದು?

ಆಫೀಸು, ಮಗುವಿನ ಸ್ಕೂಲ್ ವ್ಯಾನು, ಅತ್ತೆಯವರ ಮಂಡಿನೋವು, ಇವನ್ನೆಲ್ಲ ನೀನು ಬರೆಯದಿದ್ದರೂ ಗೊತ್ತು. ನಿನ್ನಂಥವರು ಪ್ರತಿಯೊಂದು ಸಭೆಯಲ್ಲೂ ಇದ್ದಾರೆ. ಆದ್ದರಿಂದಲೇ ಈ ಕಾಗದವನ್ನು ಪತ್ರಿಕೆಗೆ ಕೊಟ್ಟದ್ದು. ದೊಡ್ಡಮ್ಮ ಎರಡೂ ಕಡೆ ತೂಗಿಯೇ ಹೇಳುತ್ತಾಳೆ, ತೀರ್ಮಾನ ನಿನ್ನದು.

ಮೊದಲು ನಿನ್ನ ಮುತ್ತಜ್ಜಿಯ ವಿಷಯ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದ ಎಷ್ಟೋ ಮನೆಗಳವರಿಗೆ ಹೊಲವೂ ಹೋಯಿತು, ಹಿಂದಿನ ಕಸುಬೂ ಹೋಯಿತು. ಅಂಥವರ ಹೊಟ್ಟೆಪಾಡಿಗೆಂದು ಮಿಷನ್ ನೇಯ್ಗೆ ಹಾಕಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮುತ್ತಜ್ಜಿ ದುಡಿದದ್ದು ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ. ಮಣ್ಣು ಹೊರುವುದು, ಹಸಿ ಹೆಂಚನ್ನು ಒಣಗಲು ಜೋಡಿಸುವುದು, ಸಂಜೆ ಮನೆಗೆ ಬಂದು ಎಂಟು ಮಂದಿಗೆ ಗಂಜಿ ಬೇಯಿಸುವುದು. ನೇತ್ರಾವತಿಯ ಕೆಸರು ಅವಳ ಉಗುರಿನಿಂದ ಪೂರ್ತಿ ಹೋದದ್ದನ್ನು ಯಾರೂ ಕಂಡಿಲ್ಲ.

ಆದರೆ ಶನಿವಾರ ಸಂಜೆ ಅವಳ ಗತ್ತೇ ಬೇರೆ. ಮಸಾಲೆ ಅರೆದು, ಮಣ್ಣಿನ ಗಡಿಗೆಯಲ್ಲಿ ಬಂಗುಡೆ ಪುಳಿಮುಂಚಿ ಕುದಿಸಿ, ಮುಚ್ಚಿ ಇಟ್ಟುಬಿಡುವಳು. ಭಾನುವಾರ ಒಲೆಯ ಮುಂದೆ ಕುಕ್ಕರಿಸುವುದು ಅನ್ನಕ್ಕೆ ಮಾತ್ರ. ಬಂಗುಡೆ ಸಾರು ಮರುದಿನಕ್ಕೇ ರುಚಿ ಎಂಬುದು ಕರಾವಳಿಯ ಎಲ್ಲ ಹೆಂಗಸರಿಗೂ ಗೊತ್ತು. ಮುತ್ತಜ್ಜಿ ಅದನ್ನೇ ದೇವರ ಆಜ್ಞೆಗೆ ಹೊಂದಿಸಿಕೊಂಡಿದ್ದಳು. ಆರಾಧನೆ ಮುಗಿಸಿ ಬಂದು ಉಂಡು, ಜಗಲಿಯಲ್ಲಿ ಕಾಲು ಚಾಚಿ ಕೂರುವಳು. ಯಾರಾದರೂ ನೀರು ಕೇಳಿದರೆ ಕೊಡಪಾನದ ಕಡೆಗೆ ಬೆರಳು ತೋರಿಸುವಳು. ಎದ್ದು ಕೊಡುತ್ತಿರಲಿಲ್ಲ. ಓದು ಬಾರದ ಆ ಹೆಂಗಸು ಸಬ್ಬತ್ತನ್ನು ಅರ್ಥಮಾಡಿಕೊಂಡಷ್ಟು ಎಂ.ಟೆಕ್ ಮಾಡಿದ ನೀನು ಮಾಡಿಕೊಂಡಿಲ್ಲ.

ವಿಮೋಚನಕಾಂಡದ 20ನೇ ಅಧ್ಯಾಯ ತೆಗೆದು ನೋಡು. ಏಳನೆಯ ದಿನ ಯಾರಿಗೆಲ್ಲ ಬಿಡುವು ಎಂಬ ಪಟ್ಟಿ ಅಲ್ಲಿದೆ. ಮಗ, ಮಗಳು, ಆಳು, ದಾಸಿ, ದನಕರು, ಊರಿಗೆ ಬಂದ ಪರದೇಶಿ, ಎಲ್ಲರೂ ಇದ್ದಾರೆ. ಹೆಂಡತಿಯ ಹೆಸರೊಂದು ಬೇರೆಯಾಗಿ ಇಲ್ಲ. ಮನೆಯ ಯಜಮಾನನಿಗೆ ಹೇಳಿದ ಮಾತಿನಲ್ಲೇ ಅವಳೂ ಸೇರಿದ್ದಾಳೆ ಎಂದು ಬಲ್ಲವರು ವ್ಯಾಖ್ಯಾನ ಮಾಡುತ್ತಾರೆ. ಇರಬಹುದು. ಆ ವ್ಯಾಖ್ಯಾನ ಇನ್ನೂ ಅಡುಗೆಮನೆ ಮುಟ್ಟಿಲ್ಲ, ಅಷ್ಟೇ.

ಮುಂಬಯಿಯ ಗಿರಣಿ ಕೆಲಸಗಾರರಿಗೆ ಭಾನುವಾರದ ರಜೆ ದೊರೆತದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ. ಮನೆಗೆಲಸಕ್ಕೆ ಅಂಥ ಲೋಖಂಡೆ ಹುಟ್ಟಿಬರಲಿಲ್ಲ. ಕೇಂದ್ರ ಸರ್ಕಾರ 2024ರಲ್ಲಿ ಮಾಡಿಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಕಳೆಯುವ ಸಮಯ ಸರಾಸರಿ 289 ನಿಮಿಷ, ಅದೇ ಕೆಲಸ ಮಾಡುವ ಗಂಡಸರದ್ದು 88 ನಿಮಿಷ. 2019ರಲ್ಲಿ ಇದೇ ಲೆಕ್ಕ 299 ಮತ್ತು 97 ಇತ್ತು. ಐದು ವರ್ಷದಲ್ಲಿ ಹೆಂಗಸಿಗೆ ಹತ್ತು ನಿಮಿಷ ಉಳಿಯಿತು, ಗಂಡಸೂ ಒಂಬತ್ತು ನಿಮಿಷ ಉಳಿಸಿಕೊಂಡ. ಆದ್ದರಿಂದ ನಿನ್ನ ದಣಿವು ಸುಳ್ಳೆಂದು ದೊಡ್ಡಮ್ಮ ಹೇಳುತ್ತಿಲ್ಲ.

ದಣಿವು ಅವಳಿಗೆ ಹೊಸತೂ ಅಲ್ಲ. ಎಪ್ಪತ್ತರ ದಶಕದಲ್ಲಿ ನಿನ್ನ ದೊಡ್ಡಪ್ಪ ಬಹ್ರೈನಿನಲ್ಲಿದ್ದರು. ಇಲ್ಲಿ ಎರಡು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ನೈಟ್ ಡ್ಯೂಟಿಯ ತಿಂಗಳಲ್ಲಿ ಹಗಲು ಯಾವುದು, ರಾತ್ರಿ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಬಹ್ರೈನಿನಿಂದ ಕಾಗದ ಬರಲು ವಾರಗಳು ಬೇಕು, ಬಂದರೆ ಅದರಲ್ಲಿ ಹಣ ತಲುಪಿತೇ ಎಂಬ ಪ್ರಶ್ನೆ ಮೊದಲು.

ಆ ಆಸ್ಪತ್ರೆಯ ಮೇಟ್ರನ್ ತುಂಬಾ ಕಟ್ಟುನಿಟ್ಟು. ಬೆಡ್‌ಶೀಟಿನ ಮೂಲೆ ಸರಿಯಾಗಿ ಮಡಚದಿದ್ದರೆ ಇಡೀ ವಾರ್ಡಿಗೆ ಕೇಳುವಂತೆ ಬೈಯುವವರು. ಆದರೆ ನೈಟ್ ಮುಗಿಸಿದವರು ಹಾಸ್ಟೆಲಿಗೋ ಮನೆಗೋ ಓಡುವ ಮೊದಲು ಚಾಪೆಲಿನಲ್ಲಿ ಒಂದಿಷ್ಟು ಹೊತ್ತು ಕೂರಬೇಕೆಂದು ಅವರ ಹಟ. ಹಾಡಬೇಕಿಲ್ಲ, ಓದಬೇಕಿಲ್ಲ, ಮೊಣಕಾಲೂರಬೇಕಿಲ್ಲ. ನಿದ್ದೆ ಬಂದರೆ ಬರಲಿ, ಬೆಂಚಿನ ಮೇಲೆ ತೂಕಡಿಸಿ ಎನ್ನುವರು. ದೊಡ್ಡಮ್ಮ ತೂಕಡಿಸಿದ್ದಾಳೆ, ಪಕ್ಕದವಳ ಹೆಗಲಿಗೆ ಜೊಲ್ಲು ಸುರಿಸಿದ್ದೂ ಉಂಟು. ವಾರ್ಡಿನಲ್ಲಿ ಎಲ್ಲರಿಗೂ ಅವಳು ಬೇಕು, ಮನೆಯಲ್ಲಿ ಎಲ್ಲರಿಗೂ ಅವಳು ಬೇಕು. ಅವಳಿಂದ ಯಾರಿಗೂ ಏನೂ ಬೇಡವಾದ ಜಾಗ ಇಡೀ ಊರಿನಲ್ಲಿ ಆ ಬೆಂಚೊಂದೇ.

ಮಲಗಿದ್ದಕ್ಕೆ ದೇವರು ಸಿಟ್ಟಾದ ಕಥೆ ಸತ್ಯವೇದದಲ್ಲಿ ಹುಡುಕಿದರೂ ಬೇಗ ಸಿಗುವುದಿಲ್ಲ. ಎಲೀಯ ಸಾವು ಬರಲಿ ಎಂದು ಗಿಡದಡಿ ಬಿದ್ದುಕೊಂಡಾಗ ದೇವದೂತ ಬಂದು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ರೊಟ್ಟಿ ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟ. ಬಿರುಗಾಳಿಯ ನಡುವೆ ದೋಣಿಯಲ್ಲಿ ದಿಂಬಿಗೊರಗಿ ಮಲಗಿದ್ದವರು ಸ್ವತಃ ಯೇಸುಸ್ವಾಮಿ. ಅಪೊಸ್ತಲರ ಕೃತ್ಯಗಳಲ್ಲಿ ಪೌಲನ ಪ್ರಸಂಗ ನಡುರಾತ್ರಿಯವರೆಗೆ ಎಳೆದಾಗ ಒಬ್ಬ ಹುಡುಗ ಕಿಟಕಿಯಲ್ಲಿ ನಿದ್ದೆಹೋಗಿ ಮೂರನೆಯ ಅಂತಸ್ತಿನಿಂದ ಬಿದ್ದೇಬಿಟ್ಟ. ಪೌಲ ಇಳಿದು ಹೋಗಿ ಅವನನ್ನು ತಬ್ಬಿಕೊಂಡ, ಮೇಲೆ ಬಂದು ಬೆಳಗಿನವರೆಗೆ ಮಾತು ಮುಂದುವರಿಸಿದ. ಹುಡುಗ ಬದುಕಿದ, ಅವನನ್ನು ಯಾರೂ ಬೈಯಲಿಲ್ಲ. ನೀನು ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿದರೆ ನಿಮ್ಮ ಸಭಾಪಾಲಕರೂ ಬೈಯಲಾರರು.

ಈಗ ಮಾರ್ಥಳ ಹೆಸರು ತೆಗೆಯುತ್ತಾಳೆ ದೊಡ್ಡಮ್ಮ ಎಂದು ಕಾಯುತ್ತಿರಬೇಕು. ತೆಗೆಯುತ್ತಾಳೆ, ಆದರೆ ಪ್ರಸಂಗಗಳಲ್ಲಿ ಬರುವ ಹಾಗಲ್ಲ. ಲೂಕನ 10ನೇ ಅಧ್ಯಾಯದಲ್ಲಿ ಗೊಣಗುತ್ತಾ ಬಡಿಸಿದವಳು ಯೋಹಾನನ 12ನೇ ಅಧ್ಯಾಯದಲ್ಲೂ ಬಡಿಸುತ್ತಲೇ ಇದ್ದಾಳೆ. ಅಡುಗೆಮನೆ ಬಿಟ್ಟು ಅವಳು ಸನ್ಯಾಸಿನಿ ಆಗಲಿಲ್ಲ. ನಡುವೆ 11ನೇ ಅಧ್ಯಾಯವಿದೆ. ತಮ್ಮ ಸತ್ತಾಗ ಊರಾಚೆ ಬಂದು ಯೇಸುವನ್ನು ಎದುರುಗೊಂಡವಳು, ಇವರೇ ಕ್ರಿಸ್ತನೆಂದು ಬಾಯಿಬಿಟ್ಟು ಹೇಳಿದವಳು ಅವಳೇ. ಆಮೇಲಿನ ಊಟದಲ್ಲಿ ಗೊಣಗಾಟ ಕೇಳಿಸುವುದಿಲ್ಲ.

ಜ್ಞಾನೋಕ್ತಿ 31ರ ಗುಣವತಿಯನ್ನು ತಾಯಂದಿರ ಭಾನುವಾರ ಓದುತ್ತಾರಲ್ಲ, ಅದೂ ನಿನ್ನ ತಲೆಯಲ್ಲಿ ಕೂತಿರಬೇಕು. ಕತ್ತಲಿರುವಾಗಲೇ ಏಳುವವಳು, ರಾತ್ರಿ ದೀಪ ಆರಿಸದವಳು, ಹೊಲ ಕೊಳ್ಳುವವಳು, ನೂಲುವವಳು. ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳಿಗೆ ಒಂದೊಂದು ವಚನ ಜೋಡಿಸಿದ ಹೊಗಳಿಕೆಯ ಕವಿತೆ ಅದು, ಟೈಮ್‌ಟೇಬಲ್ ಅಲ್ಲ. ಇನ್ನೊಂದು ವಿಷಯ, ಆಕೆಗೆ ದಾಸಿಯರಿದ್ದರು. 15ನೇ ವಚನ ನೋಡಿಕೋ. ನಿನಗಿರುವುದು ವಾರದಲ್ಲಿ ಮೂರು ದಿನ ತಪ್ಪಿಸುವ ಕೆಲಸದಾಕೆ.

ದೊಡ್ಡಮ್ಮನ ಕಪಾಟಿನಲ್ಲಿ ಪಂಡಿತಾ ರಮಾಬಾಯಿಯವರ ಒಂದು ಹಳೆಯ ಫೋಟೋ ಇದೆ, ನೀನು ಚಿಕ್ಕವಳಿದ್ದಾಗ ಯಾರೆಂದು ಕೇಳಿದ್ದಿ. 1858ರಲ್ಲಿ ನಮ್ಮದೇ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಮಗಳಿಗೆ ಸಂಸ್ಕೃತ ಕಲಿಯಲು ಬಿಟ್ಟರು. ಬರಗಾಲದಲ್ಲಿ ತಂದೆತಾಯಿ ತೀರಿಹೋದರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಗಂಡ ಹೋದರು. ಕೈಯಲ್ಲಿ ಹೆಣ್ಣುಕೂಸು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು, ಅಮೆರಿಕ ಸುತ್ತಿ ಹಣ ಕೂಡಿಸಿದರು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಆ ಕಾಲದಲ್ಲಿ ಅವರಷ್ಟು ಬಿಡುವಿಲ್ಲದ ಹೆಂಗಸು ಈ ದೇಶದಲ್ಲಿ ಇನ್ನೊಬ್ಬರು ಇದ್ದರೋ ಇಲ್ಲವೋ.

1907ರಲ್ಲಿ ಪ್ರಕಟವಾದ ತಮ್ಮ ಸಾಕ್ಷಿಯಲ್ಲಿ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡದ್ದು ಕೇಳು. ದೀಕ್ಷಾಸ್ನಾನವಾಗಿ ಎಂಟು ವರ್ಷ ಅವರಿಗೆ ಧರ್ಮ ಮಾತ್ರ ದಕ್ಕಿತ್ತು, ಕ್ರಿಸ್ತನ ಪರಿಚಯವಾಗಿರಲಿಲ್ಲ. ಮನಸ್ಸಿನ ಭಾರ ಇಳಿದಿರಲಿಲ್ಲ. ಶಾಲೆ, ಭಾಷಣ, ಪುಸ್ತಕ, ಸಮಿತಿ ಎಲ್ಲ ನಡೆದಿದ್ದವು. ತನ್ನ ಕೈಯಿಂದ ಆಗುವುದು ಏನೂ ಉಳಿದಿಲ್ಲ, ಇನ್ನು ಕೊಟ್ಟದ್ದನ್ನು ಸುಮ್ಮನೆ ತೆಗೆದುಕೊಳ್ಳುವುದಷ್ಟೇ ಎಂದು ಅವರಿಗೆ ಹೊಳೆದದ್ದು 1891ರ ಹೊತ್ತಿಗೆ. ಆಮೇಲೆ ಕೆಲಸ ಕಡಿಮೆಯಾಯಿತೇ? ಇಲ್ಲ. 1896ರ ಬರಗಾಲ ಬಂತು, ಊರೂರು ತಿರುಗಿ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ಅವರು ಕಟ್ಟಿದ ಮುಕ್ತಿ ಎಂಬ ಆಶ್ರಮದಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಅನ್ನ, ಪಾಠ, ಕಸುಬು. ಎಣ್ಣೆಗಾಣ, ನೇಯ್ಗೆ, ಅಚ್ಚಿನ ಮನೆ. ಅದರ ಮೇಲೆ ಇಡೀ ಸತ್ಯವೇದವನ್ನು ಮರಾಠಿಗೆ ತರುವ ಕೆಲಸ, 1922ರಲ್ಲಿ ಕಣ್ಣು ಮುಚ್ಚುವವರೆಗೆ.

ಇದನ್ನು ಓದಿ, ಹಾಗಾದರೆ ಇನ್ನೂ ದುಡಿಯಬೇಕೇ ಎಂದು ನೀನು ಹಲ್ಲು ಕಡಿಯುತ್ತೀಯ. ಅಲ್ಲ ಮಗಳೇ. ಮತ್ತಾಯನ 11ನೇ ಅಧ್ಯಾಯದ ಕೊನೆಗೆ ಹೊರೆ ಹೊತ್ತವರನ್ನು ಯೇಸು ಕರೆಯುವುದು ತನ್ನ ಬಳಿಗೆ, ಕೆಲಸದ ಪಟ್ಟಿಯ ಬಳಿಗಲ್ಲ. ಆ ಕಡೆಗೆ ಮೊದಲು ಹೋದವಳಿಗೆ ಯಾವ ಹೊರೆ ತನ್ನದು, ಯಾವುದು ಸುಮ್ಮನೆ ಹೇರಿದ್ದು ಎಂದು ಗೊತ್ತಾಗುತ್ತದೆ. ನಿನಗೆ ಅದು ಗೊತ್ತಾಗದಿರುವುದೇ ದೊಡ್ಡಮ್ಮನ ಚಿಂತೆ.

ಇನ್ನು ಬೈಗುಳ. ಭಾನುವಾರ ನಿದ್ದೆ ಎಂದೆಯಲ್ಲ, ನಡುರಾತ್ರಿ ಕಳೆದ ಮೇಲೆ ಮೆಸೇಜು ಹಾಕುವವಳಿಗೆ ನಿದ್ದೆಯ ದಿನ ಯಾವುದಾದರೇನು? ಹಾಸಿಗೆಯಲ್ಲಿ ಮಲಗಿ ಬೆಳಗಿನವರೆಗೆ ಬೇರೆಯವರ ಮಕ್ಕಳ ಬರ್ತ್‌ಡೇ ಫೋಟೋ ನೋಡುವುದಕ್ಕೆ ವಿಶ್ರಾಂತಿ ಎನ್ನುತ್ತಾರೇನು? ದಿನವೂ ವಚನ ಕಳಿಸುವ ಆ ಆ್ಯಪ್ ಇದೆಯಲ್ಲ, ಒಂದು ದಿನ ತಪ್ಪಿದರೆ ಲೆಕ್ಕ ಮುರಿಯಿತೆಂದು ಅಳುಮೋರೆ ಹಾಕುವುದು, ಅದನ್ನು ತೆಗೆದುಹಾಕು. ಪ್ರಾರ್ಥನೆಗೂ ಹಾಜರಿ ಪುಸ್ತಕ ಇಟ್ಟ ಮೇಲೆ ಅದು ಇನ್ನೊಂದು ಆಫೀಸೇ. ಆನ್‌ಲೈನಿನಲ್ಲಿ ಆರಾಧನೆ ನೋಡುತ್ತೇನೆ ಎಂದೂ ಹೇಳಬೇಡ. ಅತ್ತ ಪ್ರಸಂಗ, ಇತ್ತ ಕುಕ್ಕರಿನ ಸೀಟಿ.

ಬೈದದ್ದು ಸಾಕು. ಮಾಡಬೇಕಾದ್ದನ್ನು ಹೇಳುತ್ತಾಳೆ. ನಾಟಕವನ್ನು ಯುವಕ ಸಂಘಕ್ಕೆ ವಹಿಸು, ಹುಡುಗರಿಗೆ ಕೈತುಂಬ ಬಿಡುವಿದೆ. ಕೇಕನ್ನು ಬೇಕರಿಯಿಂದ ತಂದುಕೊಡು, ಹರಾಜಿನಲ್ಲಿ ಕೂಗುವವರಿಗೆ ಬೇಕಾದದ್ದು ಸಂಭ್ರಮ, ನಿನ್ನ ಕೈರುಚಿಯಲ್ಲ. ಜನ ಆಡಿಕೊಳ್ಳುತ್ತಾರೆಂದು ಹೆದರಿಕೆಯೇ? ಆಡಿಕೊಳ್ಳುತ್ತಾರೆ. ದೊಡ್ಡಪ್ಪ ಬಹ್ರೈನಿನಲ್ಲಿದ್ದಾಗ ಸ್ತ್ರೀಯರ ಸಂಘದ ಲೆಕ್ಕದ ಪುಸ್ತಕವನ್ನು ದೊಡ್ಡಮ್ಮ ಹಿಂದಕ್ಕೆ ಕೊಟ್ಟಳು. ಗಲ್ಫಿನ ಹಣ ಬಂದ ಮೇಲೆ ಇವಳಿಗೆ ಜಂಬ ಬಂದಿದೆ ಎಂದು ಒಂದು ಮಳೆಗಾಲ ಪೂರ್ತಿ ಮಾತು ನಡೆಯಿತು. ಮಳೆ ನಿಂತಿತು, ಮಾತೂ ನಿಂತಿತು. ಪುಸ್ತಕ ತೆಗೆದುಕೊಂಡವರು ಅವಳಿಗಿಂತ ಚೆನ್ನಾಗಿ ಲೆಕ್ಕ ಬರೆದರು.

ಜಾನ್ ವೆಸ್ಲಿಯ ತಾಯಿ ಸುಸಾನಾ ಹತ್ತೊಂಬತ್ತು ಹೆತ್ತು, ಹತ್ತನ್ನು ಉಳಿಸಿಕೊಂಡ ಹೆಂಗಸು. ಸಾಲಕ್ಕಾಗಿ ಗಂಡ ಜೈಲು ಕಂಡಿದ್ದ, ಮನೆ ಬೆಂಕಿಗೆ ಹೋಗಿತ್ತು. ಅಷ್ಟು ಮಕ್ಕಳ ಗಲಾಟೆಯಲ್ಲಿ ಪ್ರಾರ್ಥನೆಗೆ ಜಾಗವಿಲ್ಲದೆ ಏಪ್ರನ್ನನ್ನೇ ತಲೆಯ ಮೇಲೆ ಎಳೆದುಕೊಂಡು ಕೂರುತ್ತಿದ್ದಳಂತೆ. ಆಗ ಮಾತಾಡಿಸಬಾರದೆಂದು ಮಕ್ಕಳಿಗೆಲ್ಲ ಗೊತ್ತಿತ್ತಂತೆ. ನಿನಗೆ ಏಪ್ರನ್ ಬೇಕಾಗಿಲ್ಲ, ವಾರಕ್ಕೊಂದು ಸಲ ಚರ್ಚಿನ ಬೆಂಚಿದೆ. ಹಾಡುವವರು ಹಾಡುತ್ತಾರೆ, ಪ್ರಾರ್ಥನೆಯನ್ನು ಎಲ್ಲರೂ ಸೇರಿ ಹೇಳುತ್ತಾರೆ, ಕರ್ತನ ಭೋಜನಕ್ಕೆ ಕೈ ಚಾಚಿದರೆ ರೊಟ್ಟಿ ಇನ್ನೊಬ್ಬರು ಇಡುತ್ತಾರೆ. ವಾರವಿಡೀ ಬಡಿಸುವವಳಿಗೆ ಬೇರೆ ಯಾರಾದರೂ ಬಡಿಸುವ ಸ್ಥಳ ಇನ್ನೆಲ್ಲಿದೆ ಹೇಳು?

ತೀರ ಆಗದ ಭಾನುವಾರ ಮಲಗು. ಮಗುವಿಗೆ ಜ್ವರ ಬಂದರೆ, ಆಫೀಸಿನ ರಾತ್ರಿ ಪಾಳಿ ಮುಗಿಸಿ ಬಂದರೆ, ಹಾಸಿಗೆಯೇ ಅಂದಿನ ದೇವಾಲಯ. ಎರಡೂ ಕಡೆ ತೂಗುತ್ತೇನೆಂದು ಮಾತು ಕೊಟ್ಟದ್ದಕ್ಕೆ ಇಷ್ಟು ಹೇಳಿದ್ದಾಳೆ. ಉಳಿದ ಭಾನುವಾರಗಳಲ್ಲಿ ಹೋಗು.

ಅತ್ತೆಯವರನ್ನು ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ ಎನ್ನುತ್ತೀಯ, ಗೊತ್ತು. ಅದಕ್ಕೇ ದೊಡ್ಡಮ್ಮ ಬಂದು ಹದಿನೈದು ದಿನ ಇರುತ್ತಾಳೆ. ಅವರ ಮಂಡಿಗೆ ಎಣ್ಣೆ ತಿಕ್ಕಲು ಹಳೆಯ ನರ್ಸಿಗಿಂತ ಒಳ್ಳೆಯವರು ನಿನಗೆ ಸಿಗುವುದಿಲ್ಲ. ಆಮೇಲಿನ ಭಾನುವಾರಗಳಿಗೆ ಅಳಿಯಂದಿರು ಬೆಳಗಿನ ಅಡುಗೆ ಕಲಿಯಲಿ, ದೊಡ್ಡಮ್ಮ ಇರುವಾಗಲೇ ಪಾಠ ಶುರುವಾಗಲಿ. ಶುಕ್ರವಾರ ರಾತ್ರಿಯ ಬಸ್ಸಿಗೆ ಕೆಳಗಿನ ಬರ್ತ್ ಸಿಗುತ್ತದೆಯೇ ನೋಡಿ ತಿಳಿಸು. ಒಣಮೀನಿನ ವಾಸನೆ ಅತ್ತೆಯವರಿಗೆ ಆಗುವುದಿಲ್ಲ ಎಂದಿದ್ದಿ, ಬರೀ ಹಪ್ಪಳ ತಂದರೆ ಸಾಕೇ?

ಇಂತು,
ನಿನ್ನ ದೊಡ್ಡಮ್ಮ