ಮೊಡವೆಗೆ ನುಂಗುವ ಗುಳಿಗೆ: ಗುಣವೆಷ್ಟು, ಬಾಧೆಯೆಷ್ಟು?

ಹದಿಹರೆಯದಲ್ಲಿ ಮೊಡವೆ ಮೂಡುವುದು ಸಹಜ. ಆದರೆ ಅದು ಉಲ್ಬಣಿಸಿದಾಗ ಮುಖದಲ್ಲಿ ಕಲೆಯನ್ನೂ ಮನದಲ್ಲಿ ಕೀಳರಿಮೆಯನ್ನೂ ಉಳಿಸಬಲ್ಲದು. ಆದುದರಿಂದ ಚಿಕಿತ್ಸೆಯೇ ಬೇಡವೆನ್ನುವುದು ತರವಲ್ಲ.

ಊದಿಕೊಂಡು ಕೆಂಪೇರಿದ ಮೊಡವೆಗಳಿಗೆ ವೈದ್ಯರು ಡಾಕ್ಸಿಸೈಕ್ಲಿನ್ ಮೊದಲಾದ ಆ್ಯಂಟಿಬಯಾಟಿಕ್ ಗುಳಿಗೆಗಳನ್ನು ಕೊಡುವುದುಂಟು. ಇವು ಟೆಟ್ರಾಸೈಕ್ಲಿನ್ ವರ್ಗದವು. ಈ ವರ್ಗದ ಮೊದಲ ಔಷಧವಾದ ಆರಿಯೋಮೈಸಿನ್ 1948ರಲ್ಲಿ ಪ್ರಕಟವಾದುದು, ನಮ್ಮ ದೇಶದವರೇ ಆದ ಯಲ್ಲಾಪ್ರಗಡ ಸುಬ್ಬರಾವ್ ಅವರು ಸಂಶೋಧನೆಯನ್ನು ನಿರ್ದೇಶಿಸುತ್ತಿದ್ದ ಅಮೆರಿಕದ ಲೆಡರ್ಲಿ ಪ್ರಯೋಗಶಾಲೆಯಿಂದ. ಇವು ಚರ್ಮದ ರೋಮಕೂಪಗಳಲ್ಲಿರುವ ಸೂಕ್ಷ್ಮಾಣುಗಳನ್ನು ತಗ್ಗಿಸುವುದಲ್ಲದೆ ಉರಿಯೂತವನ್ನೂ ಶಮನಗೊಳಿಸುತ್ತವೆ. ಗುಣ ಕಾಣಲು ಕೆಲವು ವಾರಗಳು ಬೇಕು.

ಇನ್ನು ಬಾಧೆಗಳು. ವಾಕರಿಕೆ ಬರಬಹುದು, ಬಿಸಿಲಿಗೆ ಚರ್ಮ ಬೇಗ ಸುಡಬಹುದು, ಸಾಕಷ್ಟು ನೀರು ಕುಡಿಯದೆ ನುಂಗಿ ಕೂಡಲೇ ಮಲಗಿದರೆ ಅನ್ನನಾಳ ಹುಣ್ಣಾಗಬಹುದು. ಬೆಳೆಯುವ ಹಲ್ಲಿಗೆ ಕಲೆ ಹಿಡಿಯುವುದರಿಂದ 8 ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಮೊಡವೆಗಾಗಿ ಇವು ಸಲ್ಲವು.

ಎಲ್ಲಕ್ಕಿಂತ ಮಿಗಿಲಾದ ಬಾಧೆ ಬೇರೊಂದಿದೆ. ದೀರ್ಘಕಾಲ ನುಂಗಿದರೆ ಔಷಧಕ್ಕೆ ಮಣಿಯದ ಸೂಕ್ಷ್ಮಾಣುಗಳು ದೇಹದಲ್ಲಿ ಉಳಿದು ವೃದ್ಧಿಸುತ್ತವೆ; ಒಡನಾಡಿಗಳಿಗೂ ಹರಡಬಲ್ಲವು. ಮುಂದೆ ಪ್ರಾಣಕ್ಕೆರವಾಗುವ ಸೋಂಕು ತಗುಲಿದಾಗ ಅದೇ ಔಷಧ ನಿಷ್ಫಲವಾಗಬಹುದು. ಆದುದರಿಂದಲೇ ಗುಳಿಗೆಯೊಂದನ್ನೇ ನಂಬದೆ ಬೆಂಜಾಯಿಲ್ ಪೆರಾಕ್ಸೈಡ್ ಲೇಪನವನ್ನು ಜೊತೆಗೂಡಿಸಬೇಕು. ಸಾಮಾನ್ಯವಾಗಿ 3–4 ತಿಂಗಳೊಳಗೆ ಗುಳಿಗೆಯನ್ನು ನಿಲ್ಲಿಸಿ ಲೇಪನವನ್ನು ಮುಂದುವರಿಸಬೇಕು ಎಂಬುದು ಚರ್ಮವೈದ್ಯರ ಸಲಹೆ.

ವಸತಿನಿಲಯಗಳಲ್ಲಿ ಒಬ್ಬನ ಗುಳಿಗೆಯನ್ನು ಮತ್ತೊಬ್ಬನು ಕೇಳಿ ಪಡೆಯುವುದುಂಟು. ಅನ್ನವನ್ನು ಹಂಚಿ ಉಣ್ಣುವುದು ದಾಸೋಹ. ಗುಳಿಗೆಯನ್ನು ಹಂಚುವುದು ಅಪಾಯ. ಈ ವಿವೇಕವನ್ನು ಮಕ್ಕಳಿಗೆ ತಿಳಿಹೇಳುವುದು ಶಿಕ್ಷಕರ ಹಾಗೂ ಪೋಷಕರ ಹೊಣೆ.