ಹಳೆ ಸೈಕಲ್ಲಿಗೆ ಮೊದಲ ಖರ್ಚು

ಹತ್ತು ವರ್ಷದ ಮೇಲೆ ಮತ್ತೆ ಸೈಕಲ್ ಹತ್ತಿ, ಹೊನ್ನಾವರದಿಂದ ಕುಮಟೆಗೆ ಸುಮಾರು 20 ಕಿ.ಮೀ. ತುಳಿಯಬೇಕೆಂದಿದ್ದೀರಿ, ಸಂತೋಷ. ಆದರೆ ದುಬಾರಿ ಹಗುರ ಚಕ್ರಕ್ಕೆ ಈಗಲೇ ದುಡ್ಡು ಸುರಿಯಬೇಡಿ. ಮೊದಲು ಟಯರ್ ಬದಲಿಸಿ. ಫ್ರೇಮಿನಲ್ಲಿ ಜಾಗವಿದ್ದರೆ 25ರ ಬದಲು 28 ಮಿ.ಮೀ. ಹಾಕಿ, ಗಾಳಿಯನ್ನು ಕಲ್ಲಿನಂತೆ ತುಂಬಬೇಡಿ. ಹೆದ್ದಾರಿ 66ರ ಅಂಚಿನ ಜಲ್ಲಿಯಲ್ಲೂ ಕೈ ಅಷ್ಟಾಗಿ ಜುಮ್ಮೆನ್ನದು.

ಆಮೇಲೆ ಬ್ರೇಕ್ ರಬ್ಬರ್, ಕೇಬಲ್, ಚೈನು. ನಮ್ಮ ಕರಾವಳಿಯ ಉಪ್ಪುಗಾಳಿ ಚೈನನ್ನು ತಿಂದುಹಾಕುತ್ತದೆ. ಮಳೆಯಲ್ಲಿ ಓಡಿಸಿದ ದಿನವೇ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿನ ಎಣ್ಣೆ ಬಿಡಿ. ತೆಂಗಿನೆಣ್ಣೆ ಬೇಡ ಮಾರಾಯರೆ, ಧೂಳು ಮೆತ್ತಿಕೊಳ್ಳುತ್ತದೆ!

ಉಡುಪಿನಲ್ಲಿ ಹೆಲ್ಮೆಟ್ಟು, ಮೆತ್ತೆಯಿರುವ ಚಡ್ಡಿ ಸಾಕು. ಭಟ್ಕಳದ ಕಡೆ ಹೊರಟರೆ ಶರಾವತಿ ಸೇತುವೆಯ ಮೇಲೆ ಅಡ್ಡಗಾಳಿಯುಂಟು, ಹಿಂದೆ ಲಾರಿಗಳೂ. ಹಿಂಬದಿಯ ಕೆಂಪು ದೀಪವನ್ನು ಹಗಲಲ್ಲೂ ಉರಿಸಿಯೇ ಹೊರಡಿ.