ತನ್ನ ಸ್ವಭಾವವನ್ನು ತಾನರಿಯುವುದು

ನಾಗರಹೊಳೆ ಕಾಡಿನ ಅಂಚಿನಲ್ಲಿರುವ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯವರಿಗೆ ಮಂಗನ ಚೇಷ್ಟೆಯನ್ನು ವಿವರಿಸಿ ಹೇಳಬೇಕಾದುದಿಲ್ಲ. ಕೊಂಬೆಯಿಂದ ಕೊಂಬೆಗೆ ನೆಗೆಯುವ ಆ ಪ್ರಾಣಿಯಲ್ಲಿ ಬಸವಣ್ಣನವರು ಕಂಡುದು ತಮ್ಮದೇ ಮನಸ್ಸನ್ನು. 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿ ಜನಮನ್ನಣೆ ಪಡೆದಿದ್ದ ಮಹಾಪುರುಷರು ತಮ್ಮ ಚಂಚಲತೆಯನ್ನು ತಾವೇ ಹೇಳಿಕೊಂಡುದು ಸಣ್ಣ ಮಾತಲ್ಲ.

ಗೃಹಸ್ಥನೂ ತನ್ನ ಸ್ವಭಾವವನ್ನು ಬಣ್ಣಿಸಿಕೊಳ್ಳುವುದುಂಟು: “ನನ್ನದು ಮುಂಗೋಪ, ಹುಟ್ಟುಗುಣ, ಏನು ಮಾಡುವುದು?” ಇದು ಆತ್ಮಪರಿಶೀಲನೆಯಂತೆ ತೋರಿದರೂ ಬಹುಮಟ್ಟಿಗೆ ನೆಪವೇ ಸರಿ. ಬಸವಣ್ಣನವರು ಮನದ ದೋಷವನ್ನು ಕೂಡಲಸಂಗಮನ ಮುಂದಿಟ್ಟು, ಅದು ಆತನ ಚರಣದಲ್ಲಿ ನೆಲೆಗೊಳ್ಳಲೆಂದು ಬೇಡಿದರು. ಈತನಾದರೋ ಕೋಪವನ್ನು ಮಡದಿಮಕ್ಕಳ ಮುಂದಿಟ್ಟು, ಅವರೇ ಸಹಿಸಿಕೊಳ್ಳಲೆಂದು ಬಯಸುತ್ತಾನೆ.

ತನ್ನ ಗುಣ ತನಗೇ ಕಾಣದಿರುವುದೂ ಉಂಟು. ಆಗ ಅದನ್ನು ತಿಳಿಸಬಲ್ಲವರು ದಿನವೂ ಜೊತೆಯಲ್ಲಿ ಉಣ್ಣುವವರೇ. ಅವರ ಮಾತು ಕಹಿಯೆನಿಸುವುದೂ ಅದಕ್ಕಾಗಿಯೇ. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದರು. ದಾಸೋಹಕ್ಕೆಂದು ತಂದುದರಲ್ಲಿ ತಪ್ಪೇನೆಂದು ಅವರು ಬಗೆದಿರಬಹುದು; ಮಡದಿ ಲಕ್ಕಮ್ಮನವರಿಗೆ ಅದರಲ್ಲಿ ಕಂಡುದು ಆಸೆ. ಹೆಚ್ಚಿನ ಅಕ್ಕಿಯನ್ನು ಮೊದಲಿದ್ದಲ್ಲಿಯೇ ಸುರಿದು ಬರಬೇಕೆಂದು ಆಕೆ ಹೇಳಿದರು. ಮಾರಯ್ಯನವರು ಅಕ್ಕಿಯೊಡನೆ ಬಂದ ದಾರಿಯಲ್ಲೇ ಹಿಂದಿರುಗಿದರು.